ಕಕ್ಷಿದಾರರ ದುಡ್ಡು ಕೈಗೆ ಬಂದಾಗ: ಮುಂಬೈಗೆ ಬರುವ ಕಿರಿಯ ವಕೀಲರಿಗೆ

ಊರಲ್ಲಿ ಎಲ್‌ಎಲ್‌ಬಿ ಮುಗಿಸಿ ಮುಂಬೈಗೆ ಬರುವ ಹುಡುಗ ಹುಡುಗಿಯರು ನನ್ನ ಹತ್ತಿರ ಮೊದಲು ಕೇಳುವುದು, "ಅಕ್ಕ, ಯಾವ ಕೋರ್ಟಲ್ಲಿ ಕೆಲಸ ಜಾಸ್ತಿ ಸಿಗ್ತದೆ?" ಅಂತ. ನಾನು ಮೊದಲು ಲೆಕ್ಕದ ವಹಿ ತೋರಿಸುತ್ತೇನೆ. ಕೆಂಪು ಬಟ್ಟೆ ಹೊದಿಸಿದ ರಟ್ಟಿನ ಉದ್ದ ವಹಿ, ನಮ್ಮ ಹೋಟೆಲುಗಳ ಗಲ್ಲಾದಲ್ಲಿ ಇರುತ್ತಿತ್ತಲ್ಲ, ಅದೇ. ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟು, ಬಾಂದ್ರಾದ ಫ್ಯಾಮಿಲಿ ಕೋರ್ಟು ಎಂದು ಇಪ್ಪತ್ತಾರು ವರ್ಷ ಓಡಾಡಿದ್ದೇನೆ. ವಕೀಲರ ಕಾಲು ಮೊದಲು ಜಾರುವುದು ಬಹಳ ಸಲ ಸ್ಟಾಂಪಿಗೆಂದು ಕಕ್ಷಿದಾರ ಕೊಟ್ಟ ಎರಡು ಸಾವಿರದ ಮೇಲೆ.

ವಹಿಯಲ್ಲಿ ಒಬ್ಬ ಕಕ್ಷಿದಾರರಿಗೆ ಒಂದು ಹಾಳೆ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಬಂದ ಮೊತ್ತದ ಮುಂದೆ ತಾರೀಖು ಹಾಕಿ, 'ಫೀಸು' ಅಥವಾ 'ಖರ್ಚು' ಎಂದು ಅವರ ಕಣ್ಣೆದುರೇ ಬರೆಯಿರಿ. ವಕೀಲರ ವೃತ್ತಿಯನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ವೃತ್ತಿ ನಡತೆಯ ನಿಯಮಗಳಲ್ಲಿ 25 ಮತ್ತು 26 ಹೇಳುವುದು ಇದನ್ನೇ. ಕೇಸು ನಡೆಯುತ್ತಿರುವಾಗ ಖರ್ಚಿನ ಹಣವನ್ನು ಕಕ್ಷಿದಾರರ ಲಿಖಿತ ಒಪ್ಪಿಗೆ ಇಲ್ಲದೆ ಫೀಸಿಗೆ ಹಾಕಿಕೊಳ್ಳುವ ಹಾಗಿಲ್ಲ. ಅವರ ಪರವಾಗಿ ನಿಮ್ಮ ಕೈಗೆ ಹಣ ಬಂದರೆ ತಡಮಾಡದೆ ತಿಳಿಸಬೇಕು, ಲೆಕ್ಕ ಕೇಳಿದರೆ ಪ್ರತಿ ಕೊಡಬೇಕು. ಈಗ ದುಡ್ಡು ಫೋನಿನಲ್ಲಿ ಬರುವುದರಿಂದ ಖರ್ಚಿಗೆಂದೇ ಇನ್ನೊಂದು ಬ್ಯಾಂಕ್ ಖಾತೆ ತೆರೆಯಿರಿ. ಮನೆ ಬಾಡಿಗೆ, ರೈಲ್ವೆ ಪಾಸು ಇರುವ ಖಾತೆಗೆ ಕಕ್ಷಿದಾರರ ಕೋರ್ಟ್ ಫೀ ಬಂದು ಬಿದ್ದರೆ ತಿಂಗಳ ಕೊನೆಗೆ ಯಾವುದು ಯಾರದ್ದೆಂದು ಗೊತ್ತಾಗುವುದಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಜೂನಿಯರ್ ಆಗಿ ಸೇರಿದ ಮೊದಲ ವರ್ಷ ನಮ್ಮ ಆಫೀಸಿಗೆ ಒಬ್ಬ ಹೆಂಗಸು ಬಂದರು. ಗಂಡ ಅಡುಗೆಯವ, ಬಿಟ್ಟು ಹೋಗಿದ್ದ. ಜೀವನಾಂಶಕ್ಕೆ ಅರ್ಜಿ ಹಾಕಬೇಕಿತ್ತು. ನನ್ನ ಸೀನಿಯರ್ ಫೀಸಲ್ಲದೆ ಕೋರ್ಟ್ ಫೀ ಎಂದು 4,500 ರೂಪಾಯಿ ಕೇಳಿದರು. ಮರುದಿನ ಆಕೆ ಕರವಸ್ತ್ರದ ಗಂಟು ಬಿಚ್ಚಿ ನೋಟು ಎಣಿಸುವಾಗ ಬಲಗೈಯಲ್ಲಿ ಬಳೆ ಇತ್ತು, ಎಡಗೈ ಬರಿದಾಗಿತ್ತು. ರಸೀದಿ ಬರೆದದ್ದು ನಾನು. ಅರ್ಜಿ ಹಾಕಲು ಹೋದಾಗ ಕೌಂಟರಿನ ಗುಮಾಸ್ತರು, "ಹೆಂಗಸರಿಗೆ ಕೋರ್ಟ್ ಫೀ ಮಾಫಿ ಇದೆಯಲ್ಲ" ಅಂದರು. ಮಹಾರಾಷ್ಟ್ರ ಸರ್ಕಾರ 1994ರಲ್ಲೇ ಜೀವನಾಂಶ, ವಿಚ್ಛೇದನ, ಹಿಂಸೆ, ಆಸ್ತಿ ತಕರಾರುಗಳಲ್ಲಿ ಹೆಂಗಸರಿಗೆ ಕೋರ್ಟ್ ಫೀ ಮನ್ನಾ ಮಾಡಿತ್ತು. ಸೀನಿಯರ್‌ಗೆ ಹೇಳಿದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ. ಎರಡು ತಿಂಗಳ ಬಳಿಕ ಆ ಆಫೀಸು ಬಿಟ್ಟೆ, ಆದರೆ ಆ ಹೆಂಗಸಿಗೆ ಸತ್ಯ ಹೇಳಲಿಲ್ಲ. ಹೇಳಬೇಕಿತ್ತು. ಹೆಣ್ಣು ಕಕ್ಷಿದಾರರು ಬಂದಾಗಲೆಲ್ಲ ಮಾಫಿ ಅನ್ವಯಿಸುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಖರ್ಚಿನ ಮಾತಾಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ ಎಂಬುದನ್ನೂ ತಿಳಿಸಿ. ಕೇಸು ಕೈ ತಪ್ಪಿದರೆ ತಪ್ಪಲಿ.

ಜೂನಿಯರ್‌ಗಳ ಕೈ ಖಾಲಿ ಎನ್ನುವುದು ನನಗೆ ಗೊತ್ತು. 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಗರಗಳಲ್ಲಿ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಿ ಎಂದು ಸೀನಿಯರ್‌ಗಳಿಗೆ ಸೂಚಿಸಿತು. ಅದು ಸಲಹೆ, ಕಡ್ಡಾಯವಲ್ಲ. ಸೇರುವ ದಿನವೇ ನಾಚಿಕೆ ಬಿಟ್ಟು ಸಂಬಳದ ಮಾತು ಮುಗಿಸಿ. ಹೊಟ್ಟೆ ಹಸಿದವರ ಕೈಯಲ್ಲಿ ಇನ್ನೊಬ್ಬರ ಕೋರ್ಟ್ ಫೀ ಇಡಿಸುವುದು ಸೀನಿಯರ್‌ದೇ ತಪ್ಪು ಎಂದು ನನ್ನ ಅಭಿಪ್ರಾಯ.

ಇನ್ನು ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ: "ಸಾಹೇಬರಿಗೆ ಏನಾದ್ರೂ ಕೊಡ್ಬೇಕಾ?" ಸಾಹೇಬರೆಂದರೆ ಜಡ್ಜ್. ಸ್ಮಾಲ್ ಕಾಸಸ್ ಕೋರ್ಟಿನ ಪಡಸಾಲೆಯಲ್ಲಿ ಒಬ್ಬ ಹೋಟೆಲಿನ ಅಣ್ಣ ಪೇಪರಿನಲ್ಲಿ ಸುತ್ತಿದ ಕಟ್ಟನ್ನು ಚೀಲದಿಂದ ಅರ್ಧ ಹೊರತೆಗೆದು ಹೀಗೇ ಕೇಳಿದರು. ಅಲ್ಲಿ ನಗಬೇಡಿ, 'ನೋಡೋಣ' ಎಂದು ತೇಲಿಸಬೇಡಿ. ತೇಲಿಸಿದರೆ ಅವರು ಅದನ್ನು ಹೌದೆಂದೇ ತಿಳಿಯುತ್ತಾರೆ. ನಾನು ಹೇಳಿದ್ದಿಷ್ಟು: "ಅಣ್ಣಾ, ಮೊದಲು ಅದನ್ನ ಒಳಗಿಡಿ. ಸಾಹೇಬರಿಗೆ ಬೇಡ, ನನಗೂ ಬೇಡ. ಇನ್ನೊಂದ್ಸಲ ಕೇಳಿದ್ರೆ ನಿಮ್ಮ ವಕಾಲತ್ತು ನಾನು ಬಿಡ್ಬೇಕಾಗ್ತದೆ."

ಆಮೇಲೆ ಕ್ಯಾಂಟೀನಿನಲ್ಲಿ ಕೂರಿಸಿ ಈ ವಂಚನೆ ನಡೆಯುವ ಬಗೆ ವಿವರಿಸಿದೆ. ಜಡ್ಜ್ ಹೆಸರಲ್ಲಿ ದುಡ್ಡು ತೆಗೆದುಕೊಳ್ಳುವವನಿಗೆ ಜಡ್ಜ್ ಪರಿಚಯವೇ ಬೇಕಿಲ್ಲ. ಗೆದ್ದರೆ 'ಕೆಲಸ ಆಯ್ತು', ಸೋತರೆ 'ಎದುರಿನವರು ಜಾಸ್ತಿ ಕೊಟ್ರು'. ಎರಡರಲ್ಲೂ ದುಡ್ಡು ಅವನ ಜೇಬಿಗೆ, ಮಸಿ ಮಾತ್ರ ಏನೂ ಅರಿಯದ ನ್ಯಾಯಾಧೀಶರ ಮುಖಕ್ಕೆ. ಸರ್ಕಾರಿ ನೌಕರರ ಮೇಲೆ ಪ್ರಭಾವ ಬೀರುತ್ತೇನೆಂದು ಹೀಗೆ ಹಣ ಪಡೆದವರಿಗೆ ಭ್ರಷ್ಟಾಚಾರ ತಡೆ ಕಾಯ್ದೆಯ 7ಎ ಕಲಮಿನಡಿ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಆ ಕಾಯ್ದೆಗೆ ನ್ಯಾಯಾಧೀಶರೂ ಸರ್ಕಾರಿ ನೌಕರರೇ.

ಮುಂಬೈ ಕನ್ನಡಿಗರಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ: 'ಜಡ್ಜ್ ನಮ್ಮವರೇ'. ಮದುವೆಗೋ ಸಂಘದ ಕಾರ್ಯಕ್ರಮಕ್ಕೋ ಹೋದರೆ ನಿಮ್ಮ ಕೇಸು ಕೇಳುತ್ತಿರುವ ನ್ಯಾಯಾಧೀಶರು ಅದೇ ಊಟದ ಪಂಕ್ತಿಯಲ್ಲಿ ಕೂತಿರಬಹುದು. ನಮಸ್ಕಾರ ಹೇಳಿ, ಬೇರೆ ಸಾಲಿನಲ್ಲಿ ಕುಳಿತುಕೊಳ್ಳಿ. ನಡೆಯುತ್ತಿರುವ ಕೇಸಿನ ಬಗ್ಗೆ ನ್ಯಾಯಾಧೀಶರೊಂದಿಗೆ ಖಾಸಗಿಯಾಗಿ ಮಾತಾಡುವುದನ್ನು ನಮ್ಮ ನಿಯಮ ನಿಷೇಧಿಸುತ್ತದೆ. 1997ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಕೊಂಡ ನ್ಯಾಯಾಂಗ ಜೀವನದ ಮೌಲ್ಯಗಳ ಪಟ್ಟಿಯೂ, ಅದೇ ಕೋರ್ಟಿನ ವಕೀಲರ ಜೊತೆ ಹೆಚ್ಚಿನ ಸಲಿಗೆ ಬೇಡ ಎಂದು ನ್ಯಾಯಾಧೀಶರಿಗೆ ಹೇಳುತ್ತದೆ. ನೀವೇ ದೂರ ಇದ್ದರೆ ಅವರಿಗೂ ನೆಮ್ಮದಿ.

ಕೇಸು ತಂದವರಿಗೆ ಕಮಿಷನ್ ಕೊಡಬೇಡಿ. 'ಗೆದ್ದರೆ ಇಷ್ಟು ಪರ್ಸೆಂಟ್' ಎನ್ನುವ ಫೀಸಿಗೂ ಒಪ್ಪಬೇಡಿ, ಬಾರ್ ಕೌನ್ಸಿಲಿನ 20ನೇ ನಿಯಮ ಅದನ್ನು ತಡೆಯುತ್ತದೆ. ಪ್ರತಿ ಕೇಸಿಗೂ ಕೋರ್ಟಿನ ಕಂಪ್ಯೂಟರ್ ಕೊಡುವ ಹದಿನಾರು ಅಕ್ಷರದ ಗುರುತು, ಅಂದರೆ ಸಿಎನ್‌ಆರ್ ನಂಬರನ್ನು ಕಕ್ಷಿದಾರರಿಗೆ ಬರೆದುಕೊಡಿ; ಮುಂದಿನ ತಾರೀಖನ್ನು ಅವರೇ ಫೋನಿನಲ್ಲಿ ನೋಡಿಕೊಳ್ಳಲಿ. ಫೀಸು ಬಾಕಿ ಇದೆಯೆಂದು ಫೈಲು ಹಿಡಿದಿಟ್ಟುಕೊಳ್ಳಬೇಡಿ. ವಕೀಲರಿಗೆ ಆ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಕೇಸು ಮುಗಿದ ದಿನ ವಹಿ ಬಿಚ್ಚಿ ಲೆಕ್ಕ ಮುಗಿಸಿ. ಪೇಪರ್ ಕಟ್ಟಿನ ಆ ಅಣ್ಣನ ಕಂಡಕ್ಟಿಂಗ್ ತಕರಾರು (ಒಬ್ಬರ ಹೋಟೆಲನ್ನು ಇನ್ನೊಬ್ಬರು ಕರಾರಿನ ಮೇಲೆ ನಡೆಸುವುದು ಕಂಡಕ್ಟಿಂಗ್) ನಾಲ್ಕು ವರ್ಷ ನಡೆದು ಕಡೆಗೆ ರಾಜಿಯಾಯಿತು. ಫೀಸು ಪೂರ್ತಿ ಬಂದಿತ್ತು. ಖರ್ಚಿನ ಬಾಬತ್ತಿನಲ್ಲಿ 340 ರೂಪಾಯಿ ಉಳಿದಿತ್ತು. "ಇರ್ಲಿ ಮೇಡಂ, ಚಹಾಕ್ಕೆ" ಅಂದರು. ನೋಟು ಅವರ ಕೈಗಿಟ್ಟು, ಹಾಳೆಯ ಕೆಳಗೆ ಸಹಿ ಹಾಕಿಸಿ, ಫೈಲು ಕೊಟ್ಟು ಕಳಿಸಿದೆ. ಮುಂದಿನ ಮಳೆಗಾಲದಲ್ಲಿ ಅವರ ತಂಗಿ ಬಂದರು, ಕೈಯಲ್ಲಿ ಅಣ್ಣನ ಲೆಕ್ಕದ ಪ್ರತಿ ಇತ್ತು.