ಚೊಣಕ್ ಮರಿ, ಕಪ್ಪು ಟ್ಯಾಂಕು, ಡಿಮ್ಮರ್: ನನ್ನ ಅನುಭವ

ಚೊಣಕ್ (ಸೀಬಾಸ್ ಮೀನು) ಮರಿ ಬೆಳೆಸುವ ಬಿಳಿ ಫೈಬರ್ ಟ್ಯಾಂಕಿಗೆ ಒಳಗಿನಿಂದ ಕಪ್ಪು ಬಳಿದಾಗ ಕಾರವಾರದ ಮಾಜಾಳಿ ಕಡೆಯ ಗೆಳೆಯರು ನಕ್ಕರು. ‘ಆ ದುಡ್ಡಲ್ಲಿ ಆರ್ಟೀಮಿಯಾ ಡಬ್ಬಿ ತಗೋ ಮಾರಾಯ’ ಅಂದರು. ಆರ್ಟೀಮಿಯಾ ಅಂದರೆ ಮರಿಗಳಿಗೆ ತಿನ್ನಿಸುವ ಸೀಗಡಿ ಜಾತಿಯ ಪುಟ್ಟ ಜೀವಿ. ಈಗ ಅವರೇ ಫೋನ್ ಮಾಡಿ ಯಾವ ಬಣ್ಣ ಅಂತ ಕೇಳುತ್ತಾರೆ.

ಮೊದಲಿನ ಬ್ಯಾಚ್‌ಗಳಲ್ಲಿ 100ಕ್ಕೆ 4-5 ಮರಿ ಉಳಿದರೆ ಹೆಚ್ಚು. ಬಾಯಿ ತೆರೆದಿತ್ತು, ಕಣ್ಣಿಗೆ ಕಪ್ಪು ಬಂದಿತ್ತು, ಮರಿ ತಿನ್ನುವ ಸೂಕ್ಷ್ಮಜೀವಿ ರೋಟಿಫರ್ ಒಂದು ಮಿಲಿಲೀಟರ್ ನೀರಿಗೆ 10-15 ಇತ್ತು. ಪಾಚಿ ಬೆಳೆಸಿದ ಹಸಿರು ನೀರೂ ಚೆನ್ನಾಗಿತ್ತು. ಆದರೆ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಹೊಟ್ಟೆ ಖಾಲಿ! ಮರಿಗಳೆಲ್ಲ ಗೋಡೆಗೆ ಮೂತಿ ಉಜ್ಜುತ್ತಿದ್ದವು. ರೋಗ ಅಂತ ಒಬ್ಬರು ಬರೆದುಕೊಟ್ಟ ಔಷಧಿಗೆ 7-8 ಸಾವಿರ ಹೋಯಿತು. ಮರಿಯೂ ಹೋಯಿತು.

ಚೊಣಕ್ ಮರಿ ಕಣ್ಣಲ್ಲಿ ನೋಡಿಯೇ ಹಿಡಿಯೋದು. ಗೋಡೆ ಹೊಳೆದರೆ ಅತ್ತಲೇ ಓಡುತ್ತದೆ, ಊಟ ಮರೆಯುತ್ತದೆ. ಗೋಡೆ ಕಪ್ಪಾದರೆ ರೋಟಿಫರ್ ಎದ್ದು ಕಾಣುತ್ತದೆ. ತಳ ಮಾತ್ರ ಬಿಳಿಯೇ ಬಿಟ್ಟೆ. ಕಸ ಕಾಣದಿದ್ದರೆ ಸೈಫನ್ (ಪೈಪಿನಿಂದ ತಳದ ಕಸ ಎಳೆಯೋದು) ಹೇಗೆ ಮಾಡೋದು? ಎಪಾಕ್ಸಿ ಬಣ್ಣ, ಕೂಲಿ ಸೇರಿ ಟ್ಯಾಂಕಿಗೆ ಸುಮಾರು 6 ಸಾವಿರ ಆಯಿತು. ಬಣ್ಣ ಪೂರ್ತಿ ಒಣಗಿದ ಮೇಲೂ ಉಪ್ಪುನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ ಬಿಟ್ಟಿದ್ದೆ.

ಮಧ್ಯದ ದೊಡ್ಡ ಬಲ್ಬ್ ತೆಗೆದೆ. ಆರ್ಟೀಮಿಯಾ ಬೆಳಕಿಗೆ ಮುಗಿಬೀಳುತ್ತದೆ, ಅದರ ಹಿಂದೆ ಗಟ್ಟಿ ಮರಿಗಳೂ ಸೇರುತ್ತವೆ. ಬಡಪಾಯಿಗಳಿಗೆ ಉಪವಾಸ. ಈಗ ನಾಲ್ಕು ಕಡೆ ಸಣ್ಣ ಎಲ್‌ಇಡಿ. ನೀರಿನ ಮೇಲೆ ಬೆಳಕು 500-600 ಲಕ್ಸ್ (ಬೆಳಕಿನ ಅಳತೆ) ಇತ್ತು ಅಂತ ನೆನಪು, ಮೀಟರ್ ಸಾಲ ತಂದಿದ್ದು.

ಜಾಸ್ತಿ ಹೊಡೆತ ಕೊಟ್ಟಿದ್ದು ಕರೆಂಟು. ನೀರಿಗೆ ಗಾಳಿ ಊದುವ ಬ್ಲೋವರ್‌ಗೆ ಎಲ್ಲರೂ ಬ್ಯಾಕಪ್ ಇಡುತ್ತೇವೆ, ದೀಪಕ್ಕೆ ಇಡೋದಿಲ್ಲ ಅಲ್ವಾ? ಜೂನ್-ಜುಲೈ ಮಳೆಯಲ್ಲಿ ಕರೆಂಟು ಹೋಗಿ, ಕತ್ತಲಲ್ಲಿ ಏಕ್‌ದಂ ದೀಪ ಹತ್ತಿದಾಗ ಮರಿಗಳು ಬೆಚ್ಚಿ ನುಗ್ಗಾಡುತ್ತಿದ್ದವು. ಮರುದಿನ ಸೈಫನ್ ಪೈಪಿನಲ್ಲಿ ಬರೀ ಸತ್ತದ್ದೇ. ಇನ್ವರ್ಟರ್‌ಗೆ 18 ಸಾವಿರ ಹಾಕಿದೆ. ಮನೆಯಲ್ಲಿ ಬೈಸಿಕೊಂಡೆ. ಜೊತೆಗೆ ಡಿಮ್ಮರ್ ಹಾಕಿ ಬೆಳಿಗ್ಗೆ ನಿಧಾನ ಏರಿಸುತ್ತೇನೆ, ರಾತ್ರಿ ನಿಧಾನ ಇಳಿಸುತ್ತೇನೆ. ಎಷ್ಟು ನಿಮಿಷ ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

24 ಗಂಟೆ ಬೆಳಕನ್ನೂ ಕೊಟ್ಟು ನೋಡಿದೆ. ಮರಿ ಬೇಗ ದಪ್ಪವಾದವು, ನಿಜ. ಆದರೆ ರೋಟಿಫರ್ ಸಾಕಾಗಲಿಲ್ಲ. ದೊಡ್ಡದು-ಚಿಕ್ಕದು ಬೇಗ ಬೇರೆಯಾಗಿ ಒಂದನ್ನೊಂದು ನುಂಗೋದೂ ಬೇಗ ಶುರುವಾಯಿತು. ಈಗ 16 ಗಂಟೆ ಬೆಳಕು, ಉಳಿದದ್ದು ಕತ್ತಲೆ. ಸುಮ್ನೆ ಕುತೂಹಲಕ್ಕೆ ಹಸಿರು ಜಿಲೆಟಿನ್ ಕಾಗದವನ್ನೂ ಕಟ್ಟಿದ್ದೆ. ಲಾಭ ಕಾಣಲಿಲ್ಲ. ನೋಡಲು ಬಂದವರು ‘ಇಲ್ಲೇನು, ಯಕ್ಷಗಾನವಾ?’ ಅಂದರು.

ಕಳೆದ ಬ್ಯಾಚ್‌ನಲ್ಲಿ 100ಕ್ಕೆ 20ರ ಆಸುಪಾಸು ಉಳಿಯಿತು. ನೀರಿನ ಮೇಲಿನ ಎಣ್ಣೆ ಪದರ ತೆಗೆಯುವ ಸ್ಕಿಮ್ಮರ್ ಪಾಲೂ ಅದರಲ್ಲಿದೆ, ಒಪ್ಪುತ್ತೇನೆ. ಅಘನಾಶಿನಿ ನದಿ ಬದಿಯ ಗಜನಿಯವರು (ಉಪ್ಪುನೀರಿನ ಗದ್ದೆಯಲ್ಲಿ ಮೀನು ಸಾಕುವವರು) ಇಂಚಿನ ಮರಿಗೆ 25-30 ರೂಪಾಯಿ ಕೊಟ್ಟು ಒಯ್ದರು. ಬಣ್ಣ, ಬ್ಯಾಟರಿ ಎಲ್ಲದರ ದುಡ್ಡು ಬಂತು. ಮುಂದೆ ಕೆಂಬೇರಿ ಮೀನಿನ ಮರಿಗೆ ಕೈ ಹಾಕುವ ಆಸೆ ಇದೆ. ಅದರ ಬಾಯಿ ಇನ್ನೂ ಸಣ್ಣದು, ಕೋಪೆಪಾಡ್ ಅನ್ನೋ ಪುಟ್ಟ ನೀರುಜೀವಿ ಬೆಳೆಸಿ ಅದರ ಮರಿ ತಿನ್ನಿಸಬೇಕು. ಈಗ ಅದಕ್ಕೊಂದು ಡ್ರಮ್ ಇಟ್ಟಿದ್ದೇನೆ.