ಕೆಟ್ಟಿದ್ದು ಮಿಕ್ಸರ್ ಅಲ್ಲ, ಜಾರು

ಹೋದ ಏಪ್ರಿಲ್‌ನಲ್ಲಿ ಪುಣೆಯ ಮಗನಿಗೆ ಕಳಿಸಲೆಂದು ಎರಡು ಕಿಲೋ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿ ಪುಡಿ, ಮಾಡಲು ಕೂತಿದ್ದೆ. ವಿಜಯಪುರದ ಬಿಸಿಲು, ಹುರಿದ ಶೇಂಗಾದ ಝಳ ಬೇರೆ. ಮೂರನೇ ಜಾರಿಗೆ ಮಿಕ್ಸರ್ ಗುರ್ ಅಂದು ನಿಂತೇಬಿಟ್ಟಿತು. "ಏನವಾ, ಸುಟ್ಟ ವಾಸನಿ ಬರಾಕತ್ತೈತಿ?" ಅಂತ ಪಡಸಾಲೆಯಿಂದ ಅತ್ತೆ ಕೂಗಿದರು.

ಪ್ಲಗ್ ಕಿತ್ತು ಬುಡಮೇಲು ಮಾಡಿ ನೋಡಿದೆ. ಅಡಿಯ ಕೆಂಪು ಗುಂಡಿ ಹೊರಗೆ ಬಂದಿತ್ತು. ಮೋಟರಿನ ಮೇಲೆ ಭಾರ ಬಿದ್ದು ಕರೆಂಟ್ ಹೆಚ್ಚು ಎಳೆದಾಗ ಅದು ತಾನೇ ಜಿಗಿದು ಮೋಟರನ್ನು ಉಳಿಸುತ್ತದೆ. ಅರ್ಧ ತಾಸು ಆರಲು ಬಿಟ್ಟು, ಗುಂಡಿ ಒತ್ತಿ ಹಚ್ಚಿದೆ. ಎರಡೇ ನಿಮಿಷ, ಮತ್ತೆ ಬಂದ್.

ರಿಪೇರಿ ಅಂಗಡಿಯವನು ವಾಸನೆ ನೋಡಿಯೇ "ಆರ್ಮೇಚರ್ ಹೋಗೇತ್ರಿ" ಅಂದ; ಮೋಟರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ ಅದು. ನನಗೆ ಒಪ್ಪಿಗೆಯಾಗಲಿಲ್ಲ, ವಾಪಸು ತಂದೆ. ಜಾರಿಲ್ಲದೆ ಬರೀ ಮಿಕ್ಸರ್ ತಿರುಗಿಸಿದೆ: ಸದ್ದು ಸರಿ, ದೊಡ್ಡ ಕಿಡಿ ಇಲ್ಲ. ದೊಡ್ಡ ಜಾರಿಟ್ಟರೂ ಸಲೀಸು. ಹಿಂಡಿ ಮಾಡುತ್ತಿದ್ದ ಚಟ್ನಿ ಜಾರನ್ನು ಮಗುಚಿ, ಮೋಟರಿಗೆ ಕೂಡುವ ಅಡಿಯ ಕಪ್ಲರ್‌ನ್ನು ಬೆರಳಿನಿಂದ ತಿರುವಿದೆ. ಅಲುಗಲೇ ಇಲ್ಲ! ಚಟ್ನಿಯ ನೀರು ಬ್ಲೇಡಿನ ಕಡ್ಡಿ ತಿರುಗುವ ಬುಶ್‌ನೊಳಗೆ ಇಳಿದು, ಒಣಗಿ, ಜಂಗು ಹಿಡಿದಿತ್ತು. ಪಾಪ, ಮೋಟರ್ ಶೇಂಗಾ ಪುಡಿ ಮಾಡುವುದರ ಜೊತೆಗೆ ಆ ಜಂಗನ್ನೂ ಎಳೆಯುತ್ತಿತ್ತು. ಬೇರೆ ಕಡೆ ಬುಶ್, ಬ್ಲೇಡು ಹಾಕಿಸಿದೆ. ಅಲ್ಲಿಗೆ ಗುಂಡಿ ಜಿಗಿಯುವುದು ನಿಂತಿತು.

ಆದರೂ ಮಿಕ್ಸರ್‌ನ ಮೈ ಬಿಸಿಯಾಗುವುದು ಪೂರ್ತಿ ಹೋಗಲಿಲ್ಲ. ಅದಕ್ಕೆ ಕಾರಣ ನಾವೇ. ಸದ್ದು ಕಡಿಮೆಯಾಗಲಿ ಅಂತ ಅತ್ತೆ ಅದರ ಕೆಳಗೆ ಹಳೆಯ ಸೀರೆ ಮಡಚಿ ಹಾಸುತ್ತಿದ್ದರು. ಮಿಕ್ಸರ್ ತಣ್ಣಗಿರುವುದು ಒಳಗಿನ ಫ್ಯಾನ್ ಎಳೆಯುವ ಗಾಳಿಯಿಂದ, ಆ ಗಾಳಿಯ ಕಿಂಡಿಗಳು ಅಡಿಯಲ್ಲೇ ಇರುತ್ತವೆ. ಈಗ ಬರೀ ಕಟ್ಟೆಯ ಮೇಲೇ ಇಡುತ್ತೇನೆ.

ಇನ್ನು ಹಿಂಡಿ. ಶೇಂಗಾ ಪೂರ್ತಿ ಆರಿರಬೇಕು, ಜಾರು ಅರ್ಧಕ್ಕಿಂತ ಮೇಲೆ ತುಂಬಬಾರದು. ಒಂದೇ ಸಮ ತಿರುವಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಬ್ಲೇಡು ಅದರಲ್ಲಿ ಹೂತು ಮೋಟರ್ ನರಳುತ್ತದೆ. ನಾಬ್ ಹಿಂದಕ್ಕೆ ತಿರುವಿ ಹಿಡಿದಷ್ಟು ಹೊತ್ತು ಮಾತ್ರ ಓಡುವ ಪಲ್ಸ್‌ನಲ್ಲಿ ನಾಲ್ಕೈದು ಸಲ ಬಿಟ್ಟು ಬಿಟ್ಟು ತಿರುವಿ, ಚಮಚದಿಂದ ಕೆದರಿ, ಮತ್ತೆ ತಿರುವುತ್ತೇನೆ. ಒಂದು ಜಾರು ಮುಗಿದ ಮೇಲೆ ಐದು ನಿಮಿಷ ಬಿಡುವು. ಅಷ್ಟರಲ್ಲಿ ಬಳ್ಳೊಳ್ಳಿ ಸುಲಿಯುವುದಾಗುತ್ತದೆ.

ಅತ್ತೆಗೆ ಮಾತ್ರ ಮಿಕ್ಸರ್ ಹಿಂಡಿ ಇನ್ನೂ ಸೇರಿಲ್ಲ, ಒರಳಿನದೇ ಬೇಕು. "ಒಳ್ಳಾಗ ಕುಟ್ಟಿದ್ರ ಒಳ್ಳ ಏನ್ ಬಿಸಿ ಆಕ್ಕಿದ್ದಿಲ್ಲ ನೋಡ" ಅಂದರು.