ಹಾಲಿನ ಡೈರಿಗೆ ಹೋದ ಗಣಿತದ ಹಾಳೆ

ನಾವು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. 2020ರ ಜೂನ್‌ನಲ್ಲಿ ಕೊರೊನಾದಿಂದಾಗಿ ಶಾಲೆ ತೆರೆಯುವುದಿಲ್ಲ ಅಂತ ಗೊತ್ತಾದಾಗ, ಎಲ್ಲ ಟೀಚರುಗಳೂ ಮೊಬೈಲ್ ಹಿಡಿದು ಮುಕ್ಕಾಲು ಗಂಟೆಯ ಪಾಠ ರೆಕಾರ್ಡ್ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದೆವು. ದಿನಕ್ಕೆ ಆರು ವಿಡಿಯೋ. ಒಂದು ವಾರ ಕಳೆದು ಫೋನ್ ಮಾಡಿ ಕೇಳಿದರೆ, ಹೆಚ್ಚಿನವರು ಒಂದನ್ನೂ ತೆರೆದಿರಲಿಲ್ಲ. ಮನೆಗೊಂದೇ ಫೋನ್, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು. ಜುಲೈ ಮಳೆಯಲ್ಲಿ ಗುಡ್ಡ ಯಾರು ಹತ್ತುತ್ತಾರೆ?

ನಮ್ಮದು ಬೆಳ್ತಂಗಡಿ ತಾಲೂಕಿನ ಒಳಭಾಗದ ಹೈಸ್ಕೂಲು. ಚರ್ಚಿನದ್ದು, ಅನುದಾನಿತ, ಕನ್ನಡ ಮಾಧ್ಯಮ. ನಾನು ಗಣಿತದ ಮಾಸ್ಟ್ರು.

ಹಾಳೆಯಲ್ಲಿ ಬರೆದು ಮನೆಗೇ ಮುಟ್ಟಿಸೋಣ ಅಂತ ತೀರ್ಮಾನವಾಯಿತು. ಮುಟ್ಟಿಸುವುದು ಹೇಗೆ? ಚರ್ಚಿನಲ್ಲಿ ವಾಳೆಗೊಬ್ಬರು ಗುರಿಕಾರರಿದ್ದಾರಲ್ವಾ, ಅವರ ಕೈಯಲ್ಲಿ ಕೊಡೋಣ ಅಂದರು ಫಾದರ್. ವಾಳೆ ಅಂದರೆ ಚರ್ಚಿಗೆ ಸೇರಿದ ಮನೆಗಳ ಒಂದು ಗುಂಪು, ಗುರಿಕಾರರು ಅದರ ಮುಖ್ಯಸ್ಥರು. ಒಳ್ಳೆಯ ಉಪಾಯವೇ. ಆದರೆ ಗುರಿಕಾರರ ಪಟ್ಟಿಯಲ್ಲಿರುವುದು ಕ್ರೈಸ್ತರ ಮನೆಗಳು ಮಾತ್ರ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ತುಳು, ಬ್ಯಾರಿ ಮಾತಾಡುವ ಮನೆಯವರು. ಶಾಲೆ ಚರ್ಚಿನದ್ದಾದರೂ ಮಕ್ಕಳು ಊರಿನವರು, ಇದು ನಮಗೆ ಆವತ್ತು ಸರಿಯಾಗಿ ಕಣ್ಣಿಗೆ ಬಿತ್ತು.

ಉತ್ತರ ಕೊಟ್ಟದ್ದು ನಮ್ಮ ಅಡುಗೆಯಕ್ಕ. "ಬೆಳಗ್ಗೆ ಎಲ್ಲರೂ ಡೈರಿಗೆ ಹಾಲು ಹಾಕ್ಲಿಕ್ಕೆ ಬರ್ತಾರಲ್ಲ ಸರ್, ಅಲ್ಲೇ ಇಡಿ." ಎಷ್ಟು ಸುಲಭ! ಲಾಕ್‌ಡೌನ್‌ನಲ್ಲೂ ನಿಲ್ಲದೆ ನಡೆದದ್ದು ಹಾಲಿನ ಸೊಸೈಟಿ. ಸೋಮವಾರ ತರಗತಿವಾರು ಕಟ್ಟು ಮಾಡಿ ಅಲ್ಲಿ ಇಡುತ್ತಿದ್ದೆವು. ಕ್ಯಾನು ತಂದವರು ತಮ್ಮ ಮಗುವಿನದ್ದೂ ಪಕ್ಕದ ಮನೆಯದ್ದೂ ಒಯ್ಯುತ್ತಿದ್ದರು. ಶನಿವಾರ ಉತ್ತರ ವಾಪಸ್ ಬರುತ್ತಿತ್ತು, ಕೆಲವು ಹಾಳೆಗಳಲ್ಲಿ ಹಾಲಿನ ಕಲೆ. ಒಂದು ಹಾಳೆಗೆ ಐದೇ ಲೆಕ್ಕ, ಅದರಲ್ಲಿ ಒಂದನ್ನು ನಾನೇ ಬಿಡಿಸಿ ತೋರಿಸಿರುತ್ತಿದ್ದೆ. ಐದಕ್ಕಿಂತ ಜಾಸ್ತಿ ಕೊಟ್ಟ ವಾರ ಹಾಳೆಗಳು ಖಾಲಿ ಬಂದವು.

ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಬಂತು, ಟೀಚರುಗಳೇ ಮಕ್ಕಳಿರುವ ಕಡೆ ಹೋಗಿ ಸಣ್ಣ ಗುಂಪುಗಳಿಗೆ ಪಾಠ ಮಾಡುವ ಯೋಜನೆ. ಒಂದು ಗುಂಪು ಚಾಪೆಲ್ಲಿನ ಜಗಲಿಯಲ್ಲಿ, ಇನ್ನೊಂದು ಭಜನಾ ಮಂದಿರದ ಚಾವಡಿಯಲ್ಲಿ. ನನ್ನ ಇಡೀ ಸರ್ವಿಸ್‌ನಲ್ಲಿ ಅಷ್ಟು ಚೆನ್ನಾಗಿ ಪಾಠ ಮಾಡಿದ್ದು ಕಡಿಮೆ. ಅಕ್ಟೋಬರ್‌ನಲ್ಲಿ ರಾಜ್ಯದ ಬೇರೆ ಬೇರೆ ಕಡೆ ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗಲಿ ಅದೂ ನಿಂತಿತು. ಮತ್ತೆ ಡೈರಿಯೊಂದೇ ಉಳಿಯಿತು.

ಹೇಳಲು ಕಷ್ಟವಾದ ವಿಷಯ ಸಂಬಳದ್ದು. ನನಗೆ ಸರ್ಕಾರದಿಂದ ಪೂರ್ತಿ ಬರುತ್ತಿತ್ತು. ಅದೇ ಕೋಣೆಯಲ್ಲಿ ಕೂರುವ, ಆಡಳಿತ ಮಂಡಳಿ ನೇಮಿಸಿದ ಮೂವರಿಗೆ ಫೀಸಿನಿಂದ ಕೊಡಬೇಕು. ಫೀಸು ಬರಲಿಲ್ಲ, ಕೇಳುವ ಮುಖವೂ ನಮಗಿರಲಿಲ್ಲ. ನಾವು ಅನುದಾನಿತರು ತಿಂಗಳಿಗೆ ಇಷ್ಟು ಅಂತ ಒಟ್ಟು ಮಾಡಿ ಕೊಟ್ಟೆವು. ಮೊದಲ ಸಲ ಕವರು ಕೊಡುವಾಗ ಕೊಟ್ಟವರೂ ತೆಗೆದುಕೊಂಡವರೂ ಮುಖ ನೋಡಲಿಲ್ಲ. ಆಮೇಲೆ ಫಾದರ್ ಕೈಯಿಂದ ಕೊಡಿಸಿದೆವು. ಮೊದಲೇ ಹಾಗೆ ಮಾಡಬೇಕಿತ್ತು.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಕರಾವಳಿಯ ಕ್ರೈಸ್ತರು ಮಾತೆ ಮರಿಯಮ್ಮನ ಹುಟ್ಟುಹಬ್ಬದ ಜೊತೆ ಆಚರಿಸುವ ಹೊಸ ತೆನೆಯ ಹಬ್ಬಕ್ಕೆ, ಪ್ರತಿ ವರ್ಷ ಮಕ್ಕಳು ಬುಟ್ಟಿ ತುಂಬ ಹೂ ತರುತ್ತಿದ್ದರು. ಆ ವರ್ಷ ಆಶೀರ್ವಾದದ ತೆನೆಯನ್ನು ಹಾಳೆಯ ಕಟ್ಟಿನ ಜೊತೆ ಕಳಿಸಿದೆವು, ಕೇಳಿದ ಮನೆಗಳಿಗೆಲ್ಲ. ಹೊಸ ಅಕ್ಕಿ ಊಟ ಎಲ್ಲರಿಗೂ ಇದ್ದದ್ದೇ ಅಲ್ವಾ.

ಎಲ್ಲರನ್ನೂ ಉಳಿಸಿಕೊಂಡೆವು ಅಂದರೆ ಸುಳ್ಳಾಗುತ್ತದೆ. ಒಬ್ಬಳು ಬೀಡಿ ಕಟ್ಟುವುದರಲ್ಲೇ ಉಳಿದಳು. ಮೂರು ಸಲ ಮನೆಗೆ ಹೋದೆ. ಒಂಬತ್ತನೆಯ ತರಗತಿಗೆ ಅವಳು ಬರಲಿಲ್ಲ. ಹತ್ತನೆಯ ತರಗತಿಯ ಒಬ್ಬ ಹುಡುಗ ಅಡಿಕೆ ಸುಲಿಯಲು ಹೋಗಿ ದುಡ್ಡಿನ ರುಚಿ ಕಂಡಿದ್ದ. 2021ರ ಜನವರಿಯಲ್ಲಿ ಹತ್ತನೆಯವರಿಗೆ ಶಾಲೆ ತೆರೆದರೂ ಅವನಿಲ್ಲ. ಅವನ ಹಾಳೆ ಮಾತ್ರ ಪ್ರತಿ ಶನಿವಾರ ಬರುತ್ತಿತ್ತು, ರಾತ್ರಿ ಕೂತು ಮಾಡಿದ್ದು.

ಜುಲೈ 19 ಮತ್ತು 22, ಎರಡೇ ದಿನದ ಎಸ್ಸೆಸ್ಸೆಲ್ಸಿ ಪರೀಕ್ಷೆ, ಸರಿ ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆ. ವೃತ್ತ ತುಂಬುವ ಅಭ್ಯಾಸವನ್ನೂ ಡೈರಿ ಮೂಲಕವೇ ಮಾಡಿಸಿದ್ದೆವು. ಆ ಹುಡುಗ ಬಂದ, ಅಡಿಕೆಯ ಕರೆ ಹಿಡಿದ ಬೆರಳುಗಳ ಜೊತೆ. ಹೊರಗೆ ಬಂದಾಗ ಲೆಕ್ಕ ಹೇಗಿತ್ತು ಅಂತ ಕೇಳಿದೆ. ಅದಕ್ಕೆ ಉತ್ತರ ಕೊಡದೆ, "ಸರ್, ತಂಗಿ ಎಂಟನೆಗೆ ಬಂದಿದ್ದಾಳೆ. ಅವಳ ಹಾಳೆ ಡೈರಿಗೆ ಬರ್ತದಾ?" ಅಂದ.

ಸೋಮವಾರ ಬರ್ತದೆ ಅಂದೆ.